ಲಕ್ಕವ್ವನ ವಹಿಯಲ್ಲಿದ್ದ ಆರಡಿ ಐದಿಂಚಿನ ವರ

ಲಕ್ಕವ್ವ ಕಾಕಿ ಯಾರನ್ನಾದರೂ ಹೊಸದಾಗಿ ಕಂಡರೆ ಮೊದಲು ನೋಡುವುದು ಮುಖವನ್ನಲ್ಲ, ಮಣಿಕಟ್ಟನ್ನು. ಮೂವತ್ತು ವರ್ಷ ಬಳೆ ಬುಟ್ಟಿ ಹೊತ್ತು ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳನ್ನೆಲ್ಲ ಸುತ್ತಿದವರು. ಯಾವ ಮನೆಯ ಹುಡುಗಿಗೆ ಯಾವ ಅಳತೆಯ ಬಳೆ ಎಂದು ಗೊತ್ತಿದ್ದಮೇಲೆ ಆ ಹುಡುಗಿಗೆ ಯಾವ ಮನೆ ಒಪ್ಪುತ್ತದೆ ಎಂದು ಹೇಳುವುದು ಅವರಿಗೆ ಕಷ್ಟವಾಗಲಿಲ್ಲ. ಈಗ ಮೊಣಕಾಲು ಕೈಕೊಟ್ಟು ಬುಟ್ಟಿ ಇಳಿಸಿದ್ದಾರೆ. ಸಂಬಂಧ ಕೂಡಿಸುವುದನ್ನು ಮಾತ್ರ ಬಿಟ್ಟಿಲ್ಲ. ಅದಕ್ಕೊಂದು ಇನ್ನೂರು ಪುಟದ ವಹಿ, ಕೆಂಪು ದಾರದಲ್ಲಿ ಕಟ್ಟಿದ ಪೆನ್ನು.

ಹುಕ್ಕೇರಿಯಲ್ಲಿ ನಮ್ಮದು ಅವರ ಬಾಜೂ ಮನೆ. ನಾನು ಕಲಿತದ್ದು ಬೆಳಗಾವಿಯಲ್ಲಿ. ಐದು ವರ್ಷ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆ, ಅದರಲ್ಲಿ ನಾಲ್ಕು ವರ್ಷ ಬೆಂಚಿನ ಮೇಲೆ. ಈಗ ಎರಡೂವರೆ ವರ್ಷದ ಮೈತ್ರಿಯ ತಾಯಿ. ದವಾಖಾನೆಯ ಚಾರ್ಟಿನಲ್ಲಿ ಅವಳ ಎತ್ತರ ಎಲ್ಲಕ್ಕಿಂತ ಕೆಳಗಿನ ಗೆರೆಯಲ್ಲಿದೆ. ಡಾಕ್ಟರು ಏನೂ ಚಿಂತೆ ಇಲ್ಲ ಎಂದರು. ಚಿಂತೆ ಇಲ್ಲ ಎನ್ನುವ ಮುಂಚೆ ಒಂದು ಗಳಿಗೆ ಯಾಕೆ ಸುಮ್ಮನಿದ್ದರು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಅಂದಿನಿಂದ ಪ್ರತಿ ಸೋಮವಾರ ಅವಳನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಅವಳು ಮಲಗಿದಾಗ ನನಗೆ ಸಮಾಧಾನ ಕೊಡುವುದು ಮೊಬೈಲಿನ ಒಂದು ಆಟ. ಅಮೆರಿಕದ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನನ್ನು ಊಹಿಸಬೇಕು. ದಿನಕ್ಕೆ ಒಬ್ಬನೇ, ಎಂಟೇ ಅವಕಾಶ. ಒಂದು ಹೆಸರು ಹಾಕಿದರೆ ಅವನ ತಂಡ, ಅದು ಪೂರ್ವ ವಿಭಾಗದ್ದೋ ಪಶ್ಚಿಮದ್ದೋ, ಎತ್ತರ, ವಯಸ್ಸು, ಅಂಗಿಯ ನಂಬರು ಸಾಲಾಗಿ ಬರುತ್ತವೆ. ಸರಿ ಇದ್ದರೆ ಹಸಿರು, ಹತ್ತಿರವಿದ್ದರೆ ಹಳದಿ. ಹೆಚ್ಚೋ ಕಡಿಮೆಯೋ ಹೇಳಲು ಒಂದು ಬಾಣ.

"ಏನ ಹಂಗ ನೋಡಾಕತ್ತೀಯವಾ, ಯಾರರೆ ಸತ್ತ ಸುದ್ದಿ ಬಂತೇನ?" ಎನ್ನುತ್ತಾ ಕಾಕಿ ಒಂದು ದಿನ ಬಂದು ಕುಳಿತರು. ಆಟ ವಿವರಿಸಿದೆ. ಅವರ ಕಣ್ಣು ಅರಳಿತು.

"ಎತ್ತರ, ವಯಸ್ಸು, ಯಾರ ಕಡ್ಯಾಂವ! ಇದು ನನ್ನ ಧಂದೆ ಅಲ್ಲೇನ? ಮನಿತನ ಕೇಳಂಗಿಲ್ಲ?"

"ಇಲ್ರಿ ಕಾಕಿ."

"ಹೊಲಾ?"

"ಇಲ್ರಿ. ಅಂಗಿ ನಂಬರ ಕೇಳ್ತಾರ."

"ಅಂಗಿ ನಂಬರ ನೋಡಿ ಹೆಣ್ಣ ಕೊಡೂದಂದ್ರ ಭಾಳ ಸುಧಾರಿಸ್ಯಾರ ಬಿಡು."

ಮರುದಿನದಿಂದ ಹನ್ನೊಂದಕ್ಕೆ ಸರಿಯಾಗಿ ಹಾಜರಿ. ಅಂದಂದಿನ ಉತ್ತರವನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಹೆಸರು ಬಾಯಿಗೆ ಬರುತ್ತಿರಲಿಲ್ಲವಾದ್ದರಿಂದ ಗಡ್ಡದಾಂವ, ನಗೂಮಾರ್‍ಯಾಂವ ಎಂದು ತಾವೇ ಇಟ್ಟುಕೊಂಡರು. ತಂಡ ಬದಲಿಸಿದವರನ್ನು ಅವರು ಕ್ಷಮಿಸುತ್ತಿರಲಿಲ್ಲ. "ಐದ ಮನಿ ಬದಲಿಸ್ಯಾನ. ಇಂಥಾಂವ ಸಂಸಾರ ಮಾಡ್ತಾನೇನ?" ಎರಡು ತಿಂಗಳಲ್ಲಿ ನನಗಿಂತ ಮೊದಲೇ ಉತ್ತರ ಹಿಡಿಯತೊಡಗಿದರು.

ಅದೇ ದಿನಗಳಲ್ಲಿ ಅವರ ತಲೆಯ ಮೇಲೆ ಅನುರಾಧಾಳ ಸಂಬಂಧದ ಜವಾಬ್ದಾರಿ ಇತ್ತು. ಬೆಲ್ಲದ ಬಾಗೇವಾಡಿಯ ರಾಜಪ್ಪನ ಮಗಳು, ಊರ ಶಾಲೆಯಲ್ಲಿ ಆಟದ ಟೀಚರು, ಎತ್ತರ ಐದಡಿ ಹನ್ನೊಂದಿಂಚು. ಏಳು ಕಡೆಯವರು ಬಂದು, ಅವಳು ಎದ್ದು ನಿಂತ ಕೂಡಲೇ ಚಹಾ ಅರ್ಧಕ್ಕೆ ಬಿಟ್ಟು ಹೋಗಿದ್ದರು. ಎಂಟನೆಯವನು ಮೂಡಲಗಿಯ ಅಂಗಡಿಕಾರ. ಅವನು ಒಪ್ಪಿದ, ಆದರೆ ಷರತ್ತು ಹಾಕಿದ: ಮಕ್ಕಳ ಮುಂದೆ ಹೆಂಡತಿ ಜಿಗಿದಾಡುವುದು ಚೆಂದವಲ್ಲ, ನೌಕರಿ ಬಿಡಬೇಕು. ಅನುರಾಧಾ ಬಿಡುವುದಿಲ್ಲ ಎಂದಳು. ಭಾನುವಾರದೊಳಗೆ ಬೇರೆ ವರ ಸಿಗದಿದ್ದರೆ ಮೂಡಲಗಿಗೆ ಹೂಂ ಎನ್ನುತ್ತೇನೆಂದು ರಾಜಪ್ಪ ಕಾಕಿಗೆ ಗಡುವು ಕೊಟ್ಟ.

ಬುಧವಾರ ಬೆಳಿಗ್ಗೆ ಎಂಟಕ್ಕೇ ಅವನು ಕಾಕಿಯ ಮನೆಗೆ ಬಂದ. ಕಾಕಿ ಚಹಾ ಮಾಡಲು ಒಳಗೆ ಹೋದರು. ವಹಿ ಹೊರಗಿತ್ತು. ರಾಜಪ್ಪ ಕೊನೆಯ ಪುಟ ತೆರೆದ. 'ಎತ್ತರ ಆರಡಿ ಐದಿಂಚು. ವಯಸ್ಸು ಇಪ್ಪತ್ತೊಂಬತ್ತು. ಪಶ್ಚಿಮ. ನಂಬರ ಹನ್ನೆರಡು. ಮೊದಲಿಂದ ಒಂದೇ ಕಡೆ ಅದಾನ, ಗುಣವಂತ.' ಚಹಾ ಬರುವಷ್ಟರಲ್ಲಿ ಅವನು ಪುಟದ ಫೋಟೋ ತೆಗೆದು ಬೀಗರ ಗ್ರೂಪಿಗೆಲ್ಲ ಹಾಕಿ, ಮೂಡಲಗಿಗೆ ಫೋನು ಮಾಡಿ ಇಲ್ಲ ಎಂದು ಹೇಳಿಯೂ ಆಗಿತ್ತು.

"ಲಕ್ಕವ್ವಕ್ಕ, ಇಂಥಾ ಹುಡುಗನ್ನ ಇಟಗೊಂಡ ಸುಮ್ನ ಕುಂತೀಯಲ್ಲ! ಐತವಾರ ಕರಕೊಂಡ ಬಾ."

ಕಾಕಿ ಆ ಮೊಣಕಾಲಿನಲ್ಲೇ ನಮ್ಮ ಮನೆಗೆ ಓಡಿ ಬಂದರು. "ಯಶೋಧರಾ, ಅಮೆರಿಕಾದಾಂವನ್ನ ಐತವಾರ ಬಾಗೇವಾಡಿಗೆ ಕರಕೊಂಡ ಹೋಗಬೇಕಾಗೇತಿ."

ವಿಷಯ ಕೇಳಿದ್ದೇ ನನ್ನ ಕಣ್ಣಮುಂದೆ ಎಲ್ಲ ಬಂತು. ಮೋಸದ ಕೇಸು, ಪೊಲೀಸರು, ನನ್ನ ಮೊಬೈಲು ಜಪ್ತಿ, ಮೈತ್ರಿಯನ್ನು ಯಾರು ನೋಡಿಕೊಳ್ಳಬೇಕು! "ಖರೆ ಹೇಳಿಬಿಡ್ರಿ ಕಾಕಿ," ಎಂದೆ.

"ಹೇಳಿದ್ರ ನಾಳೆನ ಮೂಡಲಗ್ಯಾಂವನ ಕಾಲ ಹಿಡೀತಾನ. ಆ ಹುಡುಗಿ ಸಾಲಿ ಬಿಡಬೇಕಾಕ್ಕೈತಿ. ಎಂಟ ಛಾನ್ಸ ಇರ್ತಾವಲ್ಲ, ಆಡೂನು ತಡಿ."

ಮೂರು ದಿನ ಫೋನಿನಲ್ಲೇ ಆಡಿದರು. ಗೋಕಾಕ ಫಾಲ್ಸಿನ ಒಬ್ಬ ಎಲೆಕ್ಟ್ರಿಷಿಯನ್‌ನ ಎತ್ತರ ಸರಿಯಿತ್ತು, ವಯಸ್ಸು ನಲವತ್ತಾರು. "ಕೆಳಗ ಬಾಣ," ಎಂದು ಕಾಕಿ ಫೋನಿಟ್ಟರು. ಮೂಡಲಗಿಯಲ್ಲೊಬ್ಬ ನಾಲ್ಕು ನೌಕರಿ ಬಿಟ್ಟವನು. ಗೋಕಾಕದಲ್ಲೊಬ್ಬ ಸಿಕ್ಕಾಗ ನಾನು ಕುಣಿಯುವುದೊಂದು ಬಾಕಿ. "ಎಲ್ಲಾ ಹಸರ ಐತಿ," ಎಂದರು ಕಾಕಿ, "ಹೇಣ್ತಿ ಒಬ್ಬಾಕಿ ಅದಾಳ." ಶನಿವಾರ ಮಧ್ಯಾಹ್ನಕ್ಕೆ ಏಳು ಅವಕಾಶ ಮುಗಿದಿದ್ದವು.

ಚಿಂತೆ ತಡೆಯದೆ, ಸೋಮವಾರವಲ್ಲದಿದ್ದರೂ ಮೈತ್ರಿಯನ್ನು ಚೌಕಟ್ಟಿಗೆ ನಿಲ್ಲಿಸಿದೆ. ಗುರುತು ಹೋದ ವಾರ ಇದ್ದಲ್ಲೇ ಇತ್ತು. ಕಾಕಿ ಗೋಡೆಗೆ ಆತು ಕುಳಿತು ಆ ಪೆನ್ಸಿಲ್ ಗೆರೆ ನೋಡಿದರು. ಆಮೇಲೆ ಕಣ್ಣು ಚೌಕಟ್ಟನ್ನು ಹತ್ತುತ್ತಾ ಹತ್ತುತ್ತಾ ಮೇಲಿನ ಪಟ್ಟಿಯಲ್ಲಿ ನಿಂತಿತು. ಅಲ್ಲಿ ಅಂಗೈ ಅಗಲದ ಕಪ್ಪು ಜಿಡ್ಡಿನ ಕಲೆ.

"ಇದ ಯಾರ ತಲಿ?"

"ಸಿದ್ರಾಯಂದ್ರಿ. ನಮ್ಮವರ ಜೋಡಿ ಹಿಡಕಲ್ ಡ್ಯಾಮಿನ್ಯಾಗ ಕೆಲಸ. ಊಟಕ್ಕ ಬಂದಾಗೊಮ್ಮೆ ಬಡಕೋತಾನ, ಎಣ್ಣಿ ಹತ್ತೇತಿ."

ಕಾಕಿ ಸಾವಕಾಶ ಎದ್ದರು. ಬಳೆ ಬುಟ್ಟಿಯ ಕಾಲದ ಗೇಣಿನಿಂದ ನೆಲದಿಂದ ಚೌಕಟ್ಟಿನವರೆಗೆ ಅಳೆದರು. ಕೊನೆಯ ಎರಡು ಗೇಣಿಗೆ ನಾನು ಸ್ಟೂಲು ತಂದೆ.

"ವಯಸ್ಸು?"

"ಮೂವತ್ತ ಇರಬೇಕ್ರಿ."

"ನೌಕರಿ?"

"ಆರ ವರ್ಷದಿಂದ ಅಲ್ಲೇ ಅದಾನ್ರಿ."

"ಲಗ್ನ?"

"ಇನ್ನೂ ಆಗಿಲ್ರಿ."

"ಯವ್ವಾ! ಮೂರ ದಿನದಿಂದ ನನ್ನ ಬಾಯಾಗ ನೀರಿಲ್ಲ. ನೀ ಬಾಗಲದಾಗ ಗಂಡ ಇಟಗೊಂಡ ಕುಂತೀಯಲ್ಲ!"

ನಿಜವೇ. ಒಂದು ವರ್ಷದಿಂದ ನಾನು ಆ ಚೌಕಟ್ಟಿನ ಕೆಳಗಿನ ಅರ್ಧವನ್ನು ಮಾತ್ರ ನೋಡಿದ್ದೆ.

ರಾತ್ರಿಯೇ ಸಿದ್ರಾಯನನ್ನು ಕೇಳಿ ಒಪ್ಪಿಸಿ, ಭಾನುವಾರ ಬಾಗೇವಾಡಿಗೆ ಹೋದೆವು: ಕಾಕಿ, ನಾವು ಗಂಡಹೆಂಡತಿ, ಮೈತ್ರಿ, ಸಿದ್ರಾಯ. ರಾಜಪ್ಪನ ಹೊಸಿಲು ದಾಟುವಾಗ ಸಿದ್ರಾಯ ಚೆನ್ನಾಗಿಯೇ ಬಗ್ಗಿದ, ಆದರೆ ಬೇಗ ನೆಟ್ಟಗಾದ. ಠಪ್ ಎಂದಿತು. ರಾಜಪ್ಪನ ಮುಖ ಅರಳಿತು. ಮೊಬೈಲು ತೆಗೆದು ಒಂದೊಂದಾಗಿ ತಾಳೆ ನೋಡಿದ.

"ಆರು ಐದ ಅಂತ ಬರದೈತಿ."

"ಆರು ನಾಕ. ಹಳದಿ," ಎಂದುಬಿಟ್ಟರು ಕಾಕಿ.

"ಪಶ್ಚಿಮ ಅಂದ್ರ?"

"ಮನಿ ಬಾಗಲಾ ಪಶ್ಚಿಮಕ್ಕ ಐತಿ."

"ನಂಬರ ಹನ್ನೆರಡ?"

ಕಾಕಿ ನನ್ನನ್ನು ನೋಡಿದರು. ನಾನು ಮೈತ್ರಿಯ ಜಡೆ ಬಿಚ್ಚಿ ಹೆಣೆಯತೊಡಗಿದೆ. ಅಷ್ಟರಲ್ಲಿ ಅನುರಾಧಾ ಚಹಾದ ತಟ್ಟೆ ಹಿಡಿದು ಬಂದು, ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಪ್ಪಾ, ಇಂವ ಮಂಗಳವಾರದ ಉತ್ತರ. ನಾಕನೇ ಛಾನ್ಸಿನ್ಯಾಗ ಹಿಡದಿದ್ದೆ."

ಆಟ ಏನೆಂದು ರಾಜಪ್ಪನಿಗೆ ಎರಡು ಸಲ ವಿವರಿಸಬೇಕಾಯಿತು. ಗ್ರೂಪಿನಲ್ಲಿ ಫೋಟೋ ಬಂದ ಬುಧವಾರವೇ ಅವಳಿಗೆ ಗೊತ್ತಾಗಿತ್ತು.

"ಮತ್ತ ಯಾಕ ಹೇಳ್ಲಿಲ್ಲ?"

"ನೀ ಮೂಡಲಗಿಗೆ ಇಲ್ಲ ಅಂದಿದ್ದಿ. ಹೇಳಿದ್ರ ಮತ್ತ ಹೂಂ ಅಂತಿದ್ದಿ."

ರಾಜಪ್ಪ ಕಾಕಿಯ ಕಡೆ ತಿರುಗಿದ. ಕಾಕಿ ತಲೆ ತಗ್ಗಿಸಿದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು. ಅನುರಾಧಾ ಮಾತ್ರ ಸಿದ್ರಾಯನ ಮುಂದೆ ನೆಟ್ಟಗೆ ನಿಂತಳು. "ನಾ ನೌಕರಿ ಬಿಡಂಗಿಲ್ರಿ. ಮೊದಲ ಹೇಳೇನಿ."

ಸಿದ್ರಾಯ ಹಣೆಯ ಬುಗುಟು ಸವರಿಕೊಂಡ. "ಯಾಕ ಬಿಡ್ತೀರಿ? ಬರೂಮುಂದ ನಿಮ್ಮ ಸಾಲಿ ನೋಡಿದ್ನಿ. ಬ್ಯಾಸ್ಕೆಟ್‌ಬಾಲ್ ರಿಂಗಿನ ಜಾಳಿ ಹರದೈತಿ. ಒಂದ ಖುರ್ಚಿ ಕೊಟ್ರ ಕಟ್ಟಿಕೊಡ್ತೇನ್ರಿ."

"ಖುರ್ಚಿ ನಾ ಹಿಡೀತೇನ್ರಿ," ಎಂದಳು ಅನುರಾಧಾ. ಚಹಾ ತಣ್ಣಗಾಗುವ ಮುಂಚೆ ಇಬ್ಬರೂ ಶಾಲೆಯ ಕಡೆ ಹೊರಟರು. ಬಾಗಿಲಲ್ಲಿ ಅವಳು ಅಭ್ಯಾಸದಿಂದ ಬಗ್ಗಿ, ಹಿಂತಿರುಗಿ, "ತಲಿ ನೋಡಕೋರಿ," ಎಂದಳು.

ರಾಜಪ್ಪ ವಹಿಯ ಪುಟದ ಫೋಟೋ ಮತ್ತೊಮ್ಮೆ ತೆರೆದು ನೋಡಿ ಮೊಬೈಲು ಕಿಸೆಗೆ ಹಾಕಿದ.

"ಲಕ್ಕವ್ವಕ್ಕ, ಆ ಅಮೆರಿಕಾದಾಂವಗ ಇಲ್ಲ ಅಂತ ಹೇಳಿಬಿಡು."

ಕಾಕಿ ವಹಿ ಬಿಚ್ಚಿ ಆ ಪುಟದ ಮೇಲೆ ಅಡ್ಡಗೆರೆ ಎಳೆದರು. "ಚಲೋ ಹುಡುಗ ಇದ್ದ, ಪಾಪ," ಎಂದರು.