ಊರನ್ನು ಸಭೆಗೆ ಕರೆಯುವ ಮೈಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುರಸಭೆಯ ಷೆಡ್ಡಿನಲ್ಲಿ ಒಬ್ಬ ಹೆಂಗಸು ಮೂರು ಚಕ್ರದ ಗಾಡಿಯ ಮೇಲೆ ಸ್ಪೀಕರ್ ಕಟ್ಟುತ್ತಿದ್ದಾರೆ. ಹಗ್ಗದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿ, ಮೈಕನ್ನು ಬೆರಳಿನಿಂದ ತಟ್ಟಿ, ಗಂಟಲು ಸರಿಮಾಡಿಕೊಳ್ಳುತ್ತಾರೆ. ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಹೊರಗೆ ಹೋಗುತ್ತದೆ. "ನನ್ನ ದನಿ ಕೇಳಿ ಎದ್ದು ಹೋಗೋರಲ್ಲಿ ಇವನೇ ಮೊದಲನೆಯವನು," ಎನ್ನುತ್ತಾರೆ.

ಊರಿಗೆಲ್ಲ ಅವರು ಮೈಕಕ್ಕ. ನಲ್ಲಿಯಲ್ಲಿ ನೀರು ಬರುವ ಹೊತ್ತು, ಕರೆಂಟು ಹೋಗುವ ಹೊತ್ತು, ಕಳೆದುಹೋದ ಮಗು, ಪುರಸಭೆಯ ಸಭೆ ಎಲ್ಲವೂ ಜನರಿಗೆ ತಿಳಿಯುವುದು ಅವರ ಗಂಟಲಿನಿಂದ. ಬೆಳಗ್ಗೆ ಹದಿನಾರು ಬೀದಿ, ಸಂಜೆ ಮತ್ತೆ ಅಷ್ಟೇ. ಮನೆಗೆ ಹೋದ ಮೇಲೆ ಗಂಟಲು ಉಳಿಸಿಕೊಳ್ಳಲು ಮಗಳೊಂದಿಗೆ ಸನ್ನೆಯಲ್ಲೇ ಮಾತು. ಗಂಡ ತೀರಿಕೊಂಡ ಮೇಲೆ ಸಿಕ್ಕ ಈ ಕೆಲಸ ಇಂದಿಗೂ ಕಾಯಂ ಆಗಿಲ್ಲ.

ಹಿಂದಿನ ಅಧ್ಯಕ್ಷೆ ವೇದಿಕೆ ಹತ್ತುತ್ತಿರಲಿಲ್ಲ. ಕುರ್ಚಿಗಳನ್ನು ದುಂಡಗೆ ಹಾಕಿಸಿ ಜನರ ನಡುವೆಯೇ ಕೂರುತ್ತಿದ್ದರು. ಮೈಕಕ್ಕ ಓದಬೇಕಿದ್ದ ಚೀಟಿಯಲ್ಲಿ 'ಬನ್ನಿ, ನಿಮ್ಮ ಮಾತು ಹೇಳಿ' ಎಂದಿರುತ್ತಿತ್ತು. ಸಭೆಗೆ ತಲೆಬುಡ ಇರುತ್ತಿರಲಿಲ್ಲ. ಜಗಳ, ಅಳು, ಮೂರು ತಲೆಮಾರಿನ ಚರಂಡಿ ಪುರಾಣ. ಆದರೂ ಕಾಲಿಡಲು ಜಾಗವಿಲ್ಲದಷ್ಟು ಜನ. ಈಗಿನ ಅಧ್ಯಕ್ಷರು ಚುರುಕು. ವೇದಿಕೆಯ ಮೇಲೆ ಅವರದೊಂದೇ ಕುರ್ಚಿ, ಅರ್ಧ ಗಂಟೆಗೆ ಸಭೆ ಖತಂ. ಚೀಟಿಯಲ್ಲಿ ಈಗ 'ತಪ್ಪದೆ ಹಾಜರಿರತಕ್ಕದ್ದು' ಎಂದಿದೆ. ಹಾಜರಿರುವವರು ಮುಂದಿನ ಸಾಲಿನ ನಾಲ್ಕೈದು ಗುತ್ತಿಗೆದಾರರು.

"ಬೀದಿ ದೀಪ ಹಾಕ್ಸಿದಾರೆ, ರಸ್ತೆ ಮಾಡ್ಸಿದಾರೆ, ಸುಳ್ಳು ಹೇಳಬಾರದು," ಎನ್ನುತ್ತಾರೆ ಮೈಕಕ್ಕ. "ಆದ್ರೆ ಎಲ್ಲಾನೂ ಮೊದಲೇ ತೀರ್ಮಾನ ಮಾಡ್ಕೊಂಡೇ ಬರ್ತಾರೆ. ಜನ ಬೇಕಾಗಿರೋದು ಚಪ್ಪಾಳೆಗೆ. ಚಪ್ಪಾಳೆ ತಟ್ಟೋಕೆ ಅಂತ ಯಾರು ಕೆಲಸ ಬಿಟ್ಟು ಬರ್ತಾರೆ ಹೇಳಿ?"

ಗಾಡಿ ಹೊರಡುತ್ತದೆ; ಡ್ರೈವರ್ ಹಿಂದೆ ಮೈಕಕ್ಕನ ಪಕ್ಕ ನಾನೂ ಕೂತಿದ್ದೇನೆ. ಸಭೆ ಇವತ್ತೇ ಹನ್ನೊಂದಕ್ಕೆ. ಮೂರನೇ ಬೀದಿಯಲ್ಲಿ ಅವರು ಬಾಯಿ ತೆರೆದ ಕೂಡಲೇ ಒಂದು ಕಿಟಕಿ ಮುಚ್ಚಿಕೊಳ್ಳುತ್ತದೆ. ಮೈಕಕ್ಕ ತಲೆ ತಗ್ಗಿಸಿ ಉಳಿದದ್ದನ್ನು ಓದುತ್ತಾರೆ. "ಮಾರ್ಕೆಟ್ ಕಡೆ ತಿರುಗಿಸ್ಲಾ ಅಕ್ಕಾ?" ಎಂದು ಡ್ರೈವರ್ ಕೇಳಿದರೆ, "ಆಮೇಲೆ ಹೋಗೋಣ," ಎನ್ನುತ್ತಾರೆ. ಇನ್ನೆರಡು ಬೀದಿ ಸುತ್ತಿದ ಮೇಲೂ ಅದೇ ಉತ್ತರ.

ಮಾರ್ಕೆಟ್ಟಿನಲ್ಲಿ ಅವರ ಅತ್ತಿಗೆ ಸೊಪ್ಪು ಮಾರುತ್ತಾರೆ. ಅಲ್ಲಿನ ಹೆಂಗಸರ ಶೌಚಾಲಯಕ್ಕೆ ಬೀಗ ಬಿದ್ದು ಬಹಳ ದಿನವಾಯಿತು. ವ್ಯಾಪಾರದ ಹೆಂಗಸರು ಮನೆ ಸೇರುವ ತನಕ ನೀರು ಕುಡಿಯುವುದಿಲ್ಲ. ಕಳೆದ ಸಭೆಗೆ ಮೈಕಕ್ಕನೇ ಹಟ ಹಿಡಿದು ಅತ್ತಿಗೆಯನ್ನು ಕರೆದೊಯ್ದರು. ಅತ್ತಿಗೆ ಎದ್ದು ನಿಂತು, ಸೆರಗು ಹಿಂಡಿಕೊಂಡು, ಹೇಗೋ ವಿಷಯ ಎತ್ತಿದರು. ಅಧ್ಯಕ್ಷರು ನಡುವೆಯೇ ಬಾಯಿ ಹಾಕಿದರು: "ಅದನ್ನೆಲ್ಲ ಮನೇಲೇ ಮುಗಿಸ್ಕೊಂಡು ಬರಬೇಕಮ್ಮಾ." ಸಭೆ ಗೊಳ್ಳೆಂದಿತು.

"ಎಲ್ಲರೂ ನಕ್ರು," ಎನ್ನುವ ಮೈಕಕ್ಕ ಮೈಕಿನ ವೈರನ್ನು ಬೆರಳಿಗೆ ಸುತ್ತುತ್ತಾ ಕೂರುತ್ತಾರೆ. ಆಮೇಲೆ ಹೇಳುತ್ತಾರೆ: "ನಾನೂ ನಕ್ಕೆ."

"ಸಾಹೇಬ್ರು ನಕ್ರೆ ನಗೋದು ಅಭ್ಯಾಸ ಆಗ್ಬಿಟ್ಟಿದೆ. ಅತ್ತಿಗೆ ನನ್ನ ಮುಖಾನೇ ನೋಡ್ತಿದ್ರು. ಗಂಡ ಹೋದಾಗ ನನಗೂ ಮಗೂಗೂ ಅನ್ನ ಹಾಕಿದ ಕೈ ಅದು. ಉಂಡ ಮನೆಗೆ ಎರಡು ಬಗೆದೆ. ಕರೆದುಕೊಂಡು ಹೋಗಿ ಅವಮಾನ ಮಾಡ್ಸಿದೆ."

ಇವತ್ತಿನ ಸಭೆಯಲ್ಲಿ ಆ ಶೌಚಾಲಯವನ್ನು ಗೋದಾಮು ಮಾಡುವ ವಿಷಯ ಬರಲಿದೆ. ಬೇಡ ಎನ್ನುವವರು ಇಲ್ಲದಿದ್ದರೆ ಶೌಚಾಲಯ ಕೈತಪ್ಪಿದ ಹಾಗೆಯೇ. ಅತ್ತಿಗೆಗೆ ಆದದ್ದನ್ನು ಕಂಡ ಮೇಲೆ ಬೇರೆ ಹೆಂಗಸರು ಸಭೆಯ ಹೆಸರೆತ್ತುವುದಿಲ್ಲ.

ಕೊನೆಗೂ ಗಾಡಿ ಮಾರ್ಕೆಟ್ಟಿಗೆ ಬರುತ್ತದೆ. ಮೈಕಕ್ಕ ಇಳಿದು, ಮೈಕನ್ನು ಕೈಯಲ್ಲೇ ಹಿಡಿದು, ಸೊಪ್ಪಿನ ಬುಟ್ಟಿಯ ಮುಂದೆ ನಿಲ್ಲುತ್ತಾರೆ.

"ಅತ್ತಿಗೆ, ಇವತ್ತು ಸಭೆ ಇದೆ. ನೀವು ಬರಬೇಕು."

ಅತ್ತಿಗೆ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸುವುದಿಲ್ಲ. "ಯಾಕೆ, ನಗೋಕೆ ಯಾರೂ ಸಿಕ್ಕಿಲ್ವಾ ಇವತ್ತು?"

ಮೈಕಕ್ಕನ ಮುಖ ಸುಟ್ಟ ಬದನೆಕಾಯಿಯಂತಾಗುತ್ತದೆ. ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. "ಅಕ್ಕಾ, ಕೆಲಸ ಹೋಗುತ್ತೆ," ಎಂದು ಡ್ರೈವರ್ ಮೆಲ್ಲಗೆ ಹೇಳುವಷ್ಟರಲ್ಲಿ ಅವರು ಮೈಕಿನ ಗುಂಡಿ ಒತ್ತಿಯಾಗಿದೆ.

"ಪುರಜನರಲ್ಲಿ ವಿನಂತಿ. ಹೋದ ಸಭೇಲಿ ನಮ್ಮತ್ತಿಗೆ ನಿಮ್ಮೆಲ್ಲರ ಕಷ್ಟ ಹೇಳೋಕೆ ಎದ್ದಿದ್ರು. ಸಭೆ ನಕ್ಕಿತು. ನಾನೂ ನಕ್ಕೆ. ನಾಲ್ಕು ಜನರ ಮುಂದೆ ನಕ್ಕಿದ್ದು, ನಾಲ್ಕು ಜನರ ಮುಂದೇನೇ ಹೇಳ್ತಿದೀನಿ, ತಪ್ಪಾಯ್ತು ಅತ್ತಿಗೆ. ಇವತ್ತು ಹನ್ನೊಂದಕ್ಕೆ ನಿಮ್ಮ ಶೌಚಾಲಯದ ವಿಷಯ ಇದೆ. ಬನ್ನಿ, ನಿಮ್ಮ ಮಾತು ಹೇಳಿ."

ಈರುಳ್ಳಿ ತೂಗುತ್ತಿದ್ದವಳ ತಕ್ಕಡಿ ಹಾಗೇ ನಿಲ್ಲುತ್ತದೆ.

"ಮೊದಲು ಅದನ್ನ ಆಫ್ ಮಾಡು. ಉಳಿದ ಮಾನಾನೂ ಹರಾಜು ಹಾಕಬೇಡ," ಎನ್ನುತ್ತಾರೆ ಅತ್ತಿಗೆ. ಕೈಯೊರೆಸಿಕೊಂಡು, ಪಕ್ಕದ ಈರುಳ್ಳಿಯವಳ ಕಡೆ ತಿರುಗುತ್ತಾರೆ. "ಹನ್ನೊಂದಕ್ಕೆ ನನ್ನ ಬುಟ್ಟಿ ನೋಡ್ಕೊಳ್ತೀಯೇನೇ?"

"ನಾನೂ ಬರೋಳೇ ಅಲ್ವಾ? ನನ್ನ ಬುಟ್ಟಿ ಯಾರು ನೋಡ್ತಾರೆ?" ಎನ್ನುತ್ತಾಳೆ ಅವಳು. ಬುಟ್ಟಿ ಕಾಯುವವರು ಯಾರೆಂದು ಆ ಸಾಲಿನಲ್ಲಿ ಸಣ್ಣ ಜಗಳವೇ ಶುರುವಾಗುತ್ತದೆ.

ಮೈಕಕ್ಕ ಮತ್ತೆ ಗಾಡಿ ಹತ್ತುತ್ತಾರೆ. ಕೆಲಸ ಹೋದರೇನು ಗತಿ ಎಂದು ಕೇಳುತ್ತೇನೆ.

"ಅತ್ತಿಗೆ ಪಕ್ಕ ಕೂತು ಸೊಪ್ಪು ಮಾರೋದು. ಕೂಗೋಕೆ ಗಂಟಲಂತೂ ಇದೆ," ಎನ್ನುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸುತ್ತಾರೆ: "ಅತ್ತಿಗೆ ಇವತ್ತು ಮಾತು ಮುಗಿಸ್ಬೇಕು. ನಗೋರು ನಗ್ಲಿ ಬಿಡಿ. ಅದರಲ್ಲಿ ನನ್ನ ನಗು ಇರಬಾರದು, ಅಷ್ಟೇ."