ಅತ್ತೆಯನ್ನು ಹೊರಗೆ ಕಳಿಸಿದ ಹೆರಿಗೆ

ನನ್ನ ಎರಡನೆಯ ಹೆರಿಗೆಯ ನೋವು ಕೊಳಕೂರಿನ ಗಂಡನ ಮನೆಯಲ್ಲಿ ರೊಟ್ಟಿ ಬಡಿಯುವಾಗ ಶುರುವಾಯಿತು. ಜೇವರ್ಗಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದು ಸೊಂಟದಿಂದ ಹೊಟ್ಟೆಗೆ ಸುತ್ತಿಕೊಂಡು ಹಿಂಡುತ್ತಿತ್ತು. ಜೊತೆಗೆ ಬಂದವಳು ಅತ್ತೆ. ಮೊದಲ ಮಗುವಿನ ತೊಟ್ಟಿಲ ಕಾರ್ಯಕ್ಕೆ ನನ್ನ ತವರಿನವರು ತಂದ ಸೀರೆ ಆಕೆಗೆ ಹಿಡಿಸಿರಲಿಲ್ಲ. ಅಂದಿನಿಂದ ನಮ್ಮವ್ವ ಆ ಮನೆಯ ಹೊಸ್ತಿಲು ತುಳಿಯದ ಹಾಗೆ ಮಾಡಿದ್ದಳು.

ಹೆರಿಗೆ ಕೋಣೆಯಲ್ಲೂ ಆಕೆಯ ಬಾಯಿ ನಿಲ್ಲಲಿಲ್ಲ.

"ನಿಮ್ಮವ್ವ ತಂದ ಸೀರಿ ನೆಲಾ ಒರಸಾಕೂ ಬರಲಿಲ್ಲ. ಮಗಳಿಗಿ ಹಡಿಯೂದರ ಕಲಿಸ್ಯಾಳೋ ಇಲ್ಲೋ?"

ಹಲ್ಲು ಕಚ್ಚಿ ಮಲಗಿದೆ. ಅಂಗೈ ತಣ್ಣಗಾಯಿತು, ಎದೆ ಡವಡವ ಅಂತಿತ್ತು. ನೋವು ತೆಳುವಾಗುತ್ತ ಬಂದು ಒಮ್ಮೆಗೇ ನಿಂತೇಬಿಟ್ಟಿತು.

"ನಾಟಕ ಮಾಡಾಕತ್ತಾಳ. ನೋವು ಬರೂ ಸೂಜಿ ಹಾಕ್ರಿ," ಅತ್ತೆ ಡಾಕ್ಟರಮ್ಮನಿಗೆ ಹೇಳಿದಳು.

ಡಾಕ್ಟರಮ್ಮ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು. "ಸೂಜಿ ಆಮ್ಯಾಲ ನೋಡೂಣು. ಗರ್ಭಕೋಶ ಹಿಂಡಬೇಕಾದ್ರ ಆಕ್ಸಿಟೋಸಿನ್ ಅನ್ನೂ ಹಾರ್ಮೋನ್ ಬೇಕ್ರಿ. ಸಿಟ್ಟು, ಹೆದರಿಕಿ ಬಂದ್ರ ಅಡ್ರಿನಲಿನ್ ಅನ್ನೂ ಇನ್ನೊಂದು ಹಾರ್ಮೋನ್ ಏರಿ ಅದಕ್ಕ ಅಡ್ಡ ಬರ್ತದ, ನೋವು ಕುಂದಬಹುದು." ನನ್ನ ಕಡೆ ತಿರುಗಿದರು. "ಬಾಜೂಕ ಯಾರಿದ್ರ ನಿನಗ ಸಮಾಧಾನವ್ವಾ?"

"ನಾ ಇದ್ದೇನಲ್ರಿ," ಎಂದಳು ಅತ್ತೆ.

"ಇವರನ್ನ ಕಳಸ್ರಿ," ನಾನಂದೆ. "ನಮ್ಮವ್ವಗ ಫೋನ್ ಮಾಡ್ರಿ."

"ಏನಂದಿ ಬೇ?"

"ಹೊರಗ ಹೋಗ್ರಿ ಅಂದೆ."

ಅತ್ತೆ ಸ್ಟೂಲು ಒದ್ದು ಹೋದಳು. ಆ ಸದ್ದು ಕೇಳಿ ನನಗೆ ಖುಷಿಯಾಯಿತು.

ಅವ್ವ ತವರೂರು ಕಿಣ್ಣಿ ಸುಲ್ತಾನದಿಂದ ಬಸ್ಸು ಬದಲಿಸುತ್ತ ಬಂದು, ನನ್ನ ಸೊಂಟ ತಿಕ್ಕತೊಡಗಿದಳು. ಅಷ್ಟರಲ್ಲಿ ಸಣ್ಣಗೆ ಮರಳಿದ್ದ ನೋವು ಈಗ ಜೋರಾಯಿತು. ಸಲೈನಿನಲ್ಲಿ ನೋವು ಬರಿಸುವ ಔಷಧ ಬಿಡುವ ಪ್ರಸಂಗ ಬರಲಿಲ್ಲ. ಸಂಜೆಯೊಳಗೆ ಮಗಳು ಹುಟ್ಟಿದಳು. ರಕ್ತ ಹೆಚ್ಚು ಹೋಗದಿರಲೆಂದು, ಗರ್ಭಕೋಶ ಬಿಗಿಯಾಗಲು ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಕೂಸನ್ನು ಮೊಲೆಗೆ ಹಾಕಿದಾಗ ಹೊಟ್ಟೆ ಮತ್ತೆ ಹಿಂಡಿ, ನಾನು ಚೀರಿದೆ.

"ಕೂಸು ಚೀಪಿದ್ರೂ ಅದss ಹಾರ್ಮೋನ್ ಬರ್ತದವ್ವಾ, ಹೆದರಬ್ಯಾಡ," ಎಂದರು ಡಾಕ್ಟರಮ್ಮ.

ಬಾಗಿಲಾಚೆ ಅತ್ತೆ ಅಷ್ಟೊತ್ತಿಗೆ ಬಂದಿದ್ದ ನನ್ನ ಗಂಡನಿಗೆ ಹೇಳುತ್ತಿದ್ದಳು: "ಹಡದಾತಲ್ಲ, ಇನ್ನ್ಯಾಕ ಒದರಾಕತ್ತಾಳ?"

ಸೊಸೆ ತನ್ನನ್ನು ಹೊರಗೆ ಹಾಕಿದಳೆಂದು ಆಕೆ ಇವತ್ತಿಗೂ ಓಣಿಯ ತುಂಬ ಹೇಳುತ್ತಾಳೆ. ಯಾರಾದರೂ ಬಂದು ಕೇಳಿದರೆ, "ಹೌದ್ರಿ, ಹಾಕೇನಿ," ಎನ್ನುತ್ತೇನೆ.