ಕೆನೆ ಒಡೆಯದ ಮೊಸರು

ಲಕ್ಷ್ಮೇಶ್ವರದ ಕುಲ್ಫಿ ಗೌಸಸಾಬನಿಗೆ ತಂಪಿನ ವಿಷಯದಲ್ಲಿ ಬುದ್ಧಿ ಹೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವನೇ ಹೇಳಿಕೊಂಡು ತಿರುಗುತ್ತಿದ್ದ. ಮೂವತ್ತೆರಡು ವರ್ಷ ಕೈಗಾಡಿ ತಳ್ಳಿದ ಮನುಷ್ಯ, ಹೇಳಿಕೊಂಡರೆ ತಪ್ಪೇನೂ ಇಲ್ಲ. ಗಾಡಿಯ ಮೇಲೊಂದು ಕಟ್ಟಿಗೆಯ ಪೆಟ್ಟಿಗೆ. ಅದರ ತಳದಲ್ಲಿ ಕುಟ್ಟಿದ ಬರ್ಫು, ಬರ್ಫಿಗೆ ಹರಳುಪ್ಪು, ಅದರೊಳಗೆ ಹೂತಿಟ್ಟ ತಗಡಿನ ಕುಲ್ಫಿ ಡಬ್ಬಿಗಳು. ಅವುಗಳ ಮೇಲೆ ಎರಡು ಮಡಿಕೆ ಗೋಣಿತಟ್ಟು. ಗೋಣಿತಟ್ಟಿನ ಮೇಲೆ ಹೆಂಡತಿ ರಹಿಮತಬಿ ಹೆಪ್ಪು ಹಾಕಿದ ಮೊಸರಿನ ಗಡಿಗೆ. ಕೆಳಗೆ ಕುಲ್ಫಿ ಕಲ್ಲಾಗಿರುತ್ತಿತ್ತು, ಮೇಲೆ ಮೊಸರು ಬಾವಿಯ ನೀರಿನಷ್ಟು ತಂಪಾಗಿರುತ್ತಿತ್ತು. ಹಲ್ಲು ಜುಂ ಅನ್ನುತ್ತದೆ ಎಂದು ಕುಲ್ಫಿ ಬೇಡವೆಂದವರಿಗೆ ಅದೇ ಪೆಟ್ಟಿಗೆಯಿಂದ ಮಜ್ಜಿಗೆ ಮಾಡಿಕೊಡುತ್ತಿದ್ದ.

ಮೊಣಕಾಲು ಕೈಕೊಟ್ಟ ಮೇಲೆ ಗಾಡಿ ಬಿಟ್ಟ. ಈಗ ಮನೆಯಲ್ಲೇ ಫ್ರೀಜರು ಇಟ್ಟುಕೊಂಡು ಮದುವೆ, ಮುಂಜಿಗೆ ಆರ್ಡರಿನ ಮೇಲೆ ಕುಲ್ಫಿ ಮಾಡುತ್ತಾನೆ. ರಹಿಮತಬಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ತವರಿನಿಂದ ತಂದಿದ್ದ ಹೆಪ್ಪು ಮಾತ್ರ ಮನೆಯಲ್ಲಿ ಇನ್ನೂ ನಡೆದಿತ್ತು. ನಿನ್ನೆಯ ಮೊಸರಿನಿಂದ ಇಂದಿನದು, ಇಂದಿನದರಿಂದ ನಾಳೆಯದು. ಸೊಸೆ ರುಹಿ ಪಾಕೀಟಿನ ಮೊಸರಿಗೆ ಒಗ್ಗಿದವಳು. ಹೀಗಾಗಿ ಹೆಪ್ಪು ಹಾಕುವ ಕೆಲಸ ಗೌಸಸಾಬನ ಪಾಲಿಗೇ ಬಂತು. ಮೀಸೆ ಹೊತ್ತ ಗಂಡಸು ಹಾಲಿನಲ್ಲಿ ಬೆರಳಿಟ್ಟು ಬಿಸಿ ನೋಡುವುದನ್ನು ಕಂಡು ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗಲಿ ಬಿಡು ಎಂದುಕೊಂಡ. ಹೆಂಡತಿಯ ಕೈಯ ರುಚಿ ಅಂತ ಮನೆಯಲ್ಲಿ ಉಳಿದಿದ್ದು ಅದೊಂದೇ. ಅದನ್ನು ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

ಮಗಳು ತಬಸ್ಸುಮಳನ್ನು ಮುಂಡರಗಿಗೆ ಕೊಟ್ಟಿದ್ದರು. ಲಕ್ಷ್ಮೇಶ್ವರ ತಾಲೂಕಾದ ಮರುವರ್ಷದ ಬೇಸಿಗೆಯಲ್ಲಿ ಅವಳಿಗೆ ಏಳು ತುಂಬಿತು. ಏಳು ತುಂಬಿದ ಬಸುರಿಗೆ ತವರಿನಿಂದ ಬಯಕೆಯ ಬುತ್ತಿ ಹೋಗಬೇಕು. ಆ ಓಣಿಯಲ್ಲಿ ಇದು ಎಲ್ಲ ಜಾತಿಗೂ ಇದ್ದ ಪದ್ಧತಿ. ಏನು ಬೇಕೆಂದು ಗೌಸಸಾಬ ಫೋನಿನಲ್ಲಿ ಕೇಳಿದ.

"ನಿಮ್ಮ ಕೈಯಾನ ಕುಲ್ಫಿ, ಅಬ್ಬಾ," ಎಂದಳು ತಬಸ್ಸುಮ. ಆಮೇಲೆ ದನಿ ತಗ್ಗಿಸಿ, "ಮತ್ತ ಅಮ್ಮೀ ಮೊಸರು," ಎಂದಳು.

"ನಿನ್ನ ಮನ್ಯಾಗ ಅದ ಹೆಪ್ಪು ಐತೆಲ್ಲ? ಲಗ್ನದಾಗ ನಿಮ್ಮವ್ವ ಕೊಟ್ಟು ಕಳಿಸಿದ್ಲು."

ಆಗ ಹುಡುಗಿ ಅಳುತ್ತಾ ಹೇಳಿದಳು. ತಾಯಿ ಸತ್ತಾಗ ನಲವತ್ತು ದಿನ ಲಕ್ಷ್ಮೇಶ್ವರದಲ್ಲಿದ್ದಳಲ್ಲ, ತಿರುಗಿ ಹೋಗುವಷ್ಟರಲ್ಲಿ ಅವಳ ಮನೆಯ ಹೆಪ್ಪು ಬೂಸ್ಟು ಹಿಡಿದು ಹಾಳಾಗಿತ್ತು. ತವರಿನ ಹೆಪ್ಪು ಕಳೆದೆ ಎಂದು ಹೇಳಲು ನಾಚಿಕೆಯಾಗಿ ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ.

"ಅಳಬ್ಯಾಡ. ಗಡಿಗಿ ತುಂಬ ತರತೀನಿ," ಎಂದ ಗೌಸಸಾಬ. ಫೋನಿಟ್ಟ ಮೇಲೆ ತಾನೂ ಕಣ್ಣೊರೆಸಿಕೊಂಡ.

ಅಣ್ಣನ ಮಗ ಶಫೀಕನದೊಂದು ಬಾಡಿಗೆ ಜೀಪು. ದೂರದ ಟೂರಿಗೆ ಹೋಗುವವರಿಗೆಂದು ಅವನು ಹೊಸದಾಗಿ ಒಂದು ಗಾಡಿ ಫ್ರಿಜ್ ತಂದಿದ್ದ. ಸೂಟ್‌ಕೇಸಿನಷ್ಟು ಪೆಟ್ಟಿಗೆ, ಮನೆಯ ಕರೆಂಟಿಗೂ ನಡೆಯುತ್ತಿತ್ತು, ಜೀಪಿನ ಬ್ಯಾಟರಿಗೂ ನಡೆಯುತ್ತಿತ್ತು. ಮುಚ್ಚಳದ ಪಕ್ಕದಲ್ಲಿ ಕೆಂಪು ಅಂಕಿ ಉರಿಯುತ್ತಿತ್ತು. ಬುತ್ತಿ ಅವನ ಜೀಪಿನಲ್ಲೇ ಹೋಗುವುದೆಂದು ಗೊತ್ತಾಗಿತ್ತು. ಹೊರಡುವ ಹಿಂದಿನ ಸಂಜೆಯೇ ಪೆಟ್ಟಿಗೆ ತಂದಿಟ್ಟು, "ಮೈನಸ್ ಹದಿನೆಂಟಕ್ಕ ಇಟ್ಟೀನಿ ಚಾಚಾ. ಕುಲ್ಫಿ ಮುಂಬೈತನಾ ಕರಗಂಗಿಲ್ಲ," ಎಂದ.

ಗೌಸಸಾಬ ಪೆಟ್ಟಿಗೆಯ ಸುತ್ತ ಎರಡು ಸಲ ತಿರುಗಿದ. ಓಡುವ ಗಾಡಿಯಲ್ಲೂ ಬರ್ಫು ಬೇಕಿಲ್ಲ, ಉಪ್ಪು ಬೇಕಿಲ್ಲ, ಸೋರುವ ನೀರಿಲ್ಲ. ವಾಹ್ ರೇ ವಾಹ್! ಮೂವತ್ತೆರಡು ವರ್ಷ ಗೋಣಿತಟ್ಟು ಹೊತ್ತು ಸತ್ತೆನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು ಅವನಿಗೆ.

ಆ ರಾತ್ರಿ ಹೆಪ್ಪು ಹಾಕುವಾಗ ಮೊಸರು ಗಟ್ಟಿಯಾಗಲೆಂದು ಮನೆಯಲ್ಲಿದ್ದ ಮೊಸರನ್ನು ಚಮಚವೂ ಉಳಿಸದೆ ಹಾಲಿಗೆ ಸುರಿದ. ಬೆಳಗ್ಗೆ ನಮಾಜು ಮುಗಿಸಿ ನೋಡಿದರೆ ಗಡಿಗೆಯ ತುಂಬ ಮೊಸರು, ಮೇಲೆ ಬೆರಳು ಗಾತ್ರದ ಕೆನೆ.

"ಮಾವಾ, ಒಂದು ಚಮಚಾ ಮನಿಗೆ ತಗದಿಡ್ರೆಲ್ಲ," ಎಂದಳು ರುಹಿ.

"ಕೆನಿ ಒಡದ ಗಡಿಗಿ ಬುತ್ತಿಗೆ ಒಯ್ಯೂದೇನ? ಬೀಗರು ಉಗಳ್ತಾರ. ಇಡೀ ಗಡಿಗಿ ಹೋಗಬೇಕು. ತಬಸ್ಸುಮ ಒಡದ ಮ್ಯಾಲ ನಾನ ಒಂದು ಡಬ್ಬ್ಯಾಗ ತರತೀನಿ, ಆತಿಲ್ಲೋ?"

ಪದ್ಧತಿ ಖರೆ. ಬುತ್ತಿಯ ಮೊಸರು ಕೆನೆ ಒಡೆಯದೆ ಹೋಗಬೇಕು, ಮಗಳೇ ಮೊದಲ ಚಮಚ ಹಾಕಬೇಕು. ಗೌಸಸಾಬ ಪೆಟ್ಟಿಗೆಯ ತುಂಬ ಕುಲ್ಫಿ ಡಬ್ಬಿ ಜೋಡಿಸಿ, ನಡುವೆ ಜಾಗ ಮಾಡಿ ಗಡಿಗೆ ಇಳಿಸಿ, ಮುಚ್ಚಳ ಒತ್ತಿದ. ಏಳಕ್ಕೆ ಬರುತ್ತೇನೆಂದ ಶಫೀಕ ಪಂಕ್ಚರ್ ಅದು ಇದು ಎಂದು ಬಂದಿದ್ದು ಹನ್ನೊಂದಕ್ಕೆ.

ಶಿರಹಟ್ಟಿಯಲ್ಲಿ ಚಹಾಕ್ಕೆ ನಿಂತರು. ಸುಮ್ಮನೆ ನೋಡೋಣವೆಂದು ಗೌಸಸಾಬ ಮುಚ್ಚಳ ಎತ್ತಿದ. ಕುಲ್ಫಿ ಕಲ್ಲಾಗಿತ್ತು. ಗಡಿಗೆಯ ಅರಿವೆ ಸರಿಸಿ ಕೆನೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ. ಟಕ್ ಎಂದಿತು.

ಮೊಸರೂ ಕಲ್ಲಾಗಿತ್ತು.

ಅವನ ಮುಖ ನೋಡಿ ಶಫೀಕ ಚಹಾ ಬಿಟ್ಟು ಓಡಿ ಬಂದ. "ನಂಬರ್ ಏರಸ್ಲೇನ್ರಿ ಚಾಚಾ? ನಾಕಕ್ಕ ಇಟ್ರ ಮೊಸರು ಕರಗತೈತಿ."

"ಆವಾಗ ಕುಲ್ಫಿ?"

"ಅದು ನೀರಾಗತೈತ್ರಿ. ಇದಕ್ಕಿರೂದು ಒಂದ ಖಾನೆ."

ಒಂದೇ ಖಾನೆ. ಒಂದೇ ಅಂಕಿ. ಒಂದನ್ನು ಉಳಿಸಿದರೆ ಇನ್ನೊಂದಿಲ್ಲ. ಗೋಣಿತಟ್ಟಿನ ಎರಡು ಮಡಿಕೆ ಮಾಡುತ್ತಿದ್ದ ಕೆಲಸ ಈ ಸಾವಿರಾರು ರೂಪಾಯಿಯ ಪೆಟ್ಟಿಗೆಗೆ ಬರುವುದಿಲ್ಲ ಎಂಬುದು ಊರಿಗೆಲ್ಲ ತಂಪಿನ ಪಾಠ ಹೇಳಿದ ಮನುಷ್ಯನಿಗೆ ಹೊಳೆಯಲಿಲ್ಲವಲ್ಲ! ಕಣ್ಣಿಗೆ ಮಂಕು ಕವಿದಿತ್ತೆನ್ನಬೇಕು. ಅವನು ಗಡಿಗೆ ಎತ್ತಿ ಹೊರಗಿಟ್ಟುಕೊಂಡ. ತಲೆಯ ರುಮಾಲು ಬಿಚ್ಚಿ, ನೀರಿನಲ್ಲಿ ಅದ್ದಿ ಹಿಂಡಿ, ಗಡಿಗೆಗೆ ಸುತ್ತಿದ. ಅಂಕಿ ಇದ್ದಲ್ಲೇ ಇರಲಿ ಎಂದ. ಕಪ್ಪತಗುಡ್ಡದ ಮಗ್ಗುಲಿನ ರಸ್ತೆಯುದ್ದಕ್ಕೂ ಬರಿತಲೆಯಲ್ಲಿ, ತೊಡೆಯ ಮೇಲೆ ಗಡಿಗೆ ಇಟ್ಟುಕೊಂಡು ಕುಳಿತ. ಹಳ್ಳದಿಣ್ಣೆ ಬಂದಾಗಲೆಲ್ಲ ಒಳಗೆ ನೀರಿನ ಸದ್ದು ಕೇಳುತ್ತಿತ್ತು. ಮೊಸರಿನಲ್ಲಿ ನೀರಿನ ಸದ್ದು ಬರಬಾರದು. ಹೋಯಿತು, ರಹಿಮತಾ, ನಿನ್ನದು ಹೋಯಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಮುಂಡರಗಿಯ ಮನೆಯಲ್ಲಿ ನಲವತ್ತು ಹೆಂಗಸರು ಸೇರಿದ್ದರು. ಕುಲ್ಫಿಗೆ ಒಂದೇ ಹೊಗಳಿಕೆ. ಒಬ್ಬಳಂತೂ ಮೂರು ತಿಂದು, ನಾಲ್ಕನೆಯದನ್ನು ಮಗನಿಗೆಂದು ಇಸಿದುಕೊಂಡು ಅದನ್ನೂ ತಾನೇ ತಿಂದಳು. ಬೇರೆ ದಿನವಾಗಿದ್ದರೆ ಗೌಸಸಾಬ ಮೀಸೆ ತಿರುವುತ್ತಿದ್ದ. ಅವನ ಕಣ್ಣು ಬೀಗತಿ ಮೋತಿಬಿಯ ಕೈಯಲ್ಲಿದ್ದ ಗಡಿಗೆಯ ಮೇಲಿತ್ತು.

ಮೋತಿಬಿ ಅರಿವೆ ತೆಗೆದಳು. ಕೆನೆ ಇದ್ದಂತೆಯೇ ಇತ್ತು. ತಬಸ್ಸುಮ ಚಮಚ ಹಾಕಿದ ಕೂಡಲೇ ಅದು ಕುಸಿಯಿತು. ಕೆಳಗೆ ತಿಳಿನೀರು, ನೀರಿನಲ್ಲಿ ಹರಳು ಹರಳು ಗಸಿ.

"ಯಾಕ್ರಿ ಬೀಗರ, ಮೊಸರಿಗೇನಾತು?" ಎಂದಳು ಮೋತಿಬಿ.

"ನಾನ ಕೊಂದೆ," ಎಂದ ಗೌಸಸಾಬ. ನಲವತ್ತು ಹೆಂಗಸರ ಎದುರು ಇದ್ದದ್ದು ಇದ್ದಂತೆ ಹೇಳಿದ. ಪೆಟ್ಟಿಗೆಯ ವಿಷಯ, ಅಂಕಿಯ ವಿಷಯ, ಮನೆಯಲ್ಲಿ ಒಂದು ಚಮಚವನ್ನೂ ಉಳಿಸದೆ ಬಂದ ವಿಷಯ. ಕೊನೆಗೆ ಮಗಳ ಕಡೆ ತಿರುಗಿದ. "ಮನ್ಯಾಗೂ ಇಲ್ಲ ಬೇಟಿ. ಇಲ್ಲೂ ಇಲ್ಲ."

ತಬಸ್ಸುಮ ಆ ಗಸಿಯನ್ನೇ ಚಮಚದಲ್ಲಿ ಎತ್ತಿದಳು. ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಹುಳಿ ಅಮ್ಮೀದ ಐತ್ರಿ, ಅಬ್ಬಾ," ಎಂದಳು.

ಹೊತ್ತು ಮುಳುಗಿದ ಮೇಲೆ ಹೆಪ್ಪು ಕೈಯಿಂದ ಕೈಗೆ ದಾಟಬಾರದೆಂಬುದು ಹಿರಿಯರ ನಂಬಿಕೆ. ಅದಕ್ಕೇ ತಬಸ್ಸುಮ ಬಿಸಿಲಿರುವಾಗಲೇ ಹಾಲು ಕಾಸಿದಳು. ಬೆರಳಿಟ್ಟು ನೋಡಿದಳು, ತಾಯಿಯ ಹಾಗೆಯೇ ಕಿರುಬೆರಳು. ಆ ಗಸಿಯನ್ನು ಎರಡು ಚಮಚ ಹಾಕಿ, ಪಾತ್ರೆಗೆ ಕೌದಿ ಹೊದಿಸಿ ಮೂಲೆಗಿಟ್ಟಳು. ಮಗಳ ಮನೆಯಲ್ಲಿ ರಾತ್ರಿ ಉಳಿಯುವ ಪೈಕಿಯಲ್ಲ ಗೌಸಸಾಬ. ಅಂದು ಉಳಿದ. ಶಫೀಕನಿಗೆ ನಾಳೆ ಬಾ ಎಂದು ಹೇಳಿ ಕಳಿಸಿದ.

ಬೆಳಗ್ಗೆ ತಬಸ್ಸುಮ ಕೌದಿ ತೆಗೆಯುವಾಗ ಅವನು ಬೇಕೆಂದೇ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ.

"ನೋಡ್ರಿ ಇಲ್ಲೆ."

ಅವಳು ಪಾತ್ರೆ ವಾಲಿಸಿದಳು. ಮೊಸರು ಅಲುಗಿತು, ಹರಿಯಲಿಲ್ಲ. ಎಳೆಯ ಮೊಸರು, ಮೇಲಿನ ಕೆನೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಆದರೆ ಹೆಪ್ಪಾಗಿತ್ತು. ಮೂವತ್ತೆರಡು ವರ್ಷ ತಂಪು ಮಾರಿದ ಮನುಷ್ಯನಿಗೆ ಗೊತ್ತಿರದ ಸಂಗತಿ ಇದು. ತಂಪಿಗೆ ಮೊಸರಿನ ಮೈ ಒಡೆಯುತ್ತದೆ, ಹೆಪ್ಪು ನಿದ್ದೆ ಹೋಗುತ್ತದೆ ಅಷ್ಟೇ, ಸಾಯುವುದಿಲ್ಲ. ಗೌಸಸಾಬ ಅಲ್ಲೇ ನೆಲಕ್ಕೆ ಕುಳಿತು ಚಿಕ್ಕ ಮಕ್ಕಳಂತೆ ಅತ್ತ. ಮೋತಿಬಿ ಒಳಗೆ ಎದ್ದು ಹೋದಳು.

ಹೊರಡುವ ಹೊತ್ತಿಗೆ ತಬಸ್ಸುಮ ಚಮಚ ತೆಗೆದುಕೊಂಡು ಕೆನೆಯ ನಟ್ಟನಡುವೆ ಒತ್ತಿದಳು. ಅರ್ಧ ಮೊಸರು ತನ್ನ ಪಾತ್ರೆಯಲ್ಲಿ ಉಳಿಸಿಕೊಂಡು, ಅರ್ಧ ಅಪ್ಪನ ಡಬ್ಬಿಗೆ ತುಂಬಿದಳು.

"ಒಡದ ಕೊಡಾಕತ್ತೀನ್ರಿ, ಅಬ್ಬಾ. ಇಡೀದ ಕೊಟ್ರ ನಿನ್ನಿ ಹಂಗ ಆಗತೈತಿ."

ಗೌಸಸಾಬ ಡಬ್ಬಿಯನ್ನು ರುಮಾಲಿನಲ್ಲಿ ಕಟ್ಟಿಕೊಂಡು ಜೀಪು ಹತ್ತಿದ. ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ ಶಫೀಕನನ್ನು ಒಂದು ಸಲ ನೋಡಿದ. ಶಫೀಕ ಕೈ ಹಿಂದೆಗೆದುಕೊಂಡ.

ಲಕ್ಷ್ಮೇಶ್ವರ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅವನು ಕಾಲು ತೊಳೆಯುವ ಮೊದಲೇ ಅಡುಗೆಮನೆಗೆ ಹೋಗಿ, ಒಂದು ಬಟ್ಟಲಿಗೆ ಎರಡು ಚಮಚ ಮೊಸರು ಹಾಕಿ ರುಹಿಯ ಮುಂದೆ ಹಿಡಿದ.

"ತಗೋ, ಇದು ನಿಂದು, ಬ್ಯಾರೆ ಗಡಿಗ್ಯಾಗ ಹಾಕು," ಎಂದ. "ನಂದು ಕೆಟ್ರ ನಿನ್ನ ಹಂತ್ಯಾಕ ಕೇಳಾಕ ಬರತೀನಿ."